ಸಮಸ್ಯೆ: ಕತ್ತರಿಯೆ ಹೊಲಿಯಿತೈ ಹರಿದ ಬಟ್ಟೆಯನು

ಕಂದಪ್ರಿಯ: ಈ ವಾರ ನನ್ನ ಸರದಿ. ಮೇಲಿನದೇ ಕೊನೇ ಸಾಲು, ಮುಂಚಿನ ಮೂರು ಸಾಲು ನೀವು ಕಟ್ಟಿ. ದರ್ಜಿ ಅಂಗಡಿ ಕಥೆ ಬೇಡ, ಚರಿತ್ರೆಯಿಂದ ತನ್ನಿ.

ಚುಟುಕು: ತಗೊಳ್ಳಿ.

ಸುತ್ತಿ ಬಳಸಿದ ತಂತಿ ಮಾತ ಬಿಸ್ಮಾರ್ಕನೇ
ಕತ್ತರಿಸೆ ಕೆರಳಿದರು ಪ್ಯಾರಿಸಿನ ಜನರು
ಕಿತ್ತಾಡುತಿದ್ದರಸರೊಂದಾದರಾಗಲೇ
ಕತ್ತರಿಯೆ ಹೊಲಿಯಿತೈ ಹರಿದ ಬಟ್ಟೆಯನು

1870ರ ಜುಲೈ 13. ಎಮ್ಸ್ ಊರಿನಲ್ಲಿದ್ದ ಪ್ರಷ್ಯದ ದೊರೆ ವಿಲ್ಹೆಲ್ಮನ ಕಡೆಯಿಂದ ಉದ್ದದ ತಂತಿ (ಟೆಲಿಗ್ರಾಂ) ಬಂತು, ಫ್ರೆಂಚ್ ರಾಯಭಾರಿಯ ಜೊತೆ ಆದ ಮಾತಿನ ವರದಿ. ಬರ್ಲಿನ್‌ನಲ್ಲಿ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಊಟಕ್ಕೆ ಕೂತಿದ್ದ, ಜೊತೆಗೆ ಸೇನಾ ಮುಖ್ಯಸ್ಥ ಮೋಲ್ಟ್ಕೆ, ಯುದ್ಧಮಂತ್ರಿ ರೋನ್. ಒಂದು ಪದವನ್ನೂ ಸೇರಿಸಲಿಲ್ಲ ಅಂತ ಅವನೇ ಆಮೇಲೆ ಹೇಳಿಕೊಂಡ, ಬರೀ ಹೊಡೆದು ಹಾಕಿ ಪತ್ರಿಕೆಗಳಿಗೆ ಕೊಟ್ಟನಂತೆ. ಕತ್ತರಿಸಿದ್ದು ಅವಮಾನದ ಹಾಗೆ ಕೇಳಿಸಿತು. ಆರೇ ದಿನದಲ್ಲಿ ಫ್ರಾನ್ಸ್ ಯುದ್ಧ ಸಾರಿತು. ನಾಲ್ಕು ವರ್ಷದ ಹಿಂದೆ ಪ್ರಷ್ಯದ ಮೇಲೇ ಹೊಡೆದಾಡಿದ್ದ ದಕ್ಷಿಣದ ಜರ್ಮನ್ ರಾಜ್ಯ ಬವೇರಿಯಾ ಈಗ ಅದರ ಪಕ್ಕಕ್ಕೇ ಬಂದು ನಿಂತಿತು.

ಸೀತಕ್ಕ: ನಂದು ಪ್ರಷ್ಯ ಆಸ್ಟ್ರಿಯವನ್ನು ಸೋಲಿಸಿದ 1866ರಿಂದ ಶುರು.

ನೆತ್ತರುಂ ಕಬ್ಬಿಣವುಮಿರದೆ ನಾಡೊಂದಹುದೆ
ಎತ್ತಿ ಹೊರಗಿಟ್ಟನಾಸ್ಟ್ರಿಯದ ತುಂಡ
ಉತ್ತರದ ದಕ್ಷಿಣದ ಚಿಂದಿಗಳು ಕೂಡಿದುವು
ಕತ್ತರಿಯೆ ಹೊಲಿಯಿತೈ ಹರಿದ ಬಟ್ಟೆಯನು

ಕಂದಪ್ರಿಯ: ಚೆನ್ನಾಗಿದೆ ಅಕ್ಕ.

ಮಾತ್ರೆಮಾಮ: 1862ರ ಭಾಷಣದಲ್ಲಿ ಬಿಸ್ಮಾರ್ಕ್ ಕಬ್ಬಿಣ ಮೊದಲು, ನೆತ್ತರು ಆಮೇಲೆ ಅಂದದ್ದು.

ಸೀತಕ್ಕ: ಜನರೇ ಅದನ್ನು ಹಿಂದುಮುಂದು ಮಾಡಿಕೊಂಡರು ಮಾಮ, ನನಗೂ ಎರಡನೇ ಅಕ್ಷರದ ಪ್ರಾಸ ಸಿಕ್ಕಿತು. ಕಬ್ಬಿಣಕ್ಕೆ ‘ತ್ತ’ ನೀವೇ ತಂದುಕೊಡಿ.

ಮಾತ್ರೆಮಾಮ: ಇರಲಿ. ಚುಟುಕು, ಎರಡನೇ ಸಾಲು ಎಡವಿದೆ. ‘ಕೆರಳಿದರು’ ಮುಂದೆ ‘ಪ್ಯಾ’ ಬಂತು, ಒತ್ತಕ್ಷರದ ಹಿಂದಿನ ‘ರು’ ಎರಡು ಮಾತ್ರೆಯ ಗುರುವಾಯಿತು. ಐದಿರಬೇಕಾದಲ್ಲಿ ಆರು ಮಾತ್ರೆ.

ಚುಟುಕು: ಅಲ್ಲಿ ಒತ್ತಕ್ಷರ ಎಲ್ಲಿದೆ? ಪ್ಯಾಂಟು, ಬ್ಯಾಂಕು ಅನ್ನುವಾಗ ಯಕಾರ ಯಾರಿಗೆ ಕೇಳಿಸುತ್ತೆ? ಆ ಸ್ವರ ಬರೆಯೋಕೆ ನಮ್ಮಲ್ಲಿ ಬೇರೆ ಅಕ್ಷರ ಇಲ್ಲ ಅಂತ ಸುಮ್ನೆ ಹಾಕಿದ ಗುರುತು ಅದು.

ಮಾತ್ರೆಮಾಮ: ನಿಮ್ಮ ಕಿವಿಗೆ ಕೇಳಿಸಲ್ಲ. ಹೋದ ಸಲ ‘ಶಕಟರೇಫ’ (ಹಳಗನ್ನಡದ ಱ) ಅಂದಾಗಲೂ ಕೇಳಿಸಿರಲಿಲ್ಲ.

ಚುಟುಕು: ಅದನ್ನು ಇನ್ನೂ ಬಿಟ್ಟಿಲ್ವಾ! ನೀವು ಕಣ್ಣಲ್ಲಿ ಪದ್ಯ ಓದುತ್ತೀರಿ, ಅದಕ್ಕೇ ಈ ತಕರಾರು. ಒಮ್ಮೆ ಹಾಡಿ ನೋಡಿ.

ಕಂದಪ್ರಿಯ: ‘ಕೆರಳಿದರು ಫ್ರೆಂಚರೆಲ್ಲ’ ಅಂತ ಮಾಡಿದರೆ?

ಮಾತ್ರೆಮಾಮ: ರಾಯರೇ, ಅಲ್ಲಿ ನಿಜವಾದ ಒತ್ತೇ ಇದೆ. ಗುಂಡಿ ತಪ್ಪಿಸಲು ಹೋಗಿ ಬಾವಿಗೆ ಬಿದ್ದಿರಿ.

ಸೀತಕ್ಕ: ಈ ಜಗಳ ಫ್ರಾನ್ಸಿನ ವರ್ಸೇಲ್ಸ್‌ನಲ್ಲೂ ಆಗಿತ್ತು ನೋಡಿ. 1871ರ ಜನವರಿ 18, ಅರಮನೆಯ ಕನ್ನಡಿಗಳ ಹಜಾರ, ಒಂದಾದ ಜರ್ಮನಿಗೆ ಚಕ್ರವರ್ತಿಯನ್ನು ಸಾರುವ ದಿನ. ದೊರೆ ವಿಲ್ಹೆಲ್ಮನಿಗೆ ‘ಜರ್ಮನಿಯ ಚಕ್ರವರ್ತಿ’ ಅನ್ನಿಸಿಕೊಳ್ಳುವ ಆಸೆ. ಬಿಸ್ಮಾರ್ಕ್ ‘ಜರ್ಮನ್ ಚಕ್ರವರ್ತಿ’ ಅಂತ ಪಟ್ಟು ಹಿಡಿದ, ಇಲ್ಲದಿದ್ದರೆ ಉಳಿದ ಅರಸರು ತಮ್ಮ ನೆಲವೂ ಇವನದಾಯಿತು ಅಂತ ಮುನಿಯುತ್ತಾರಲ್ಲ. ಅಲ್ಲೂ ಒಂದು ಯಕಾರದ್ದೇ ರಗಳೆ. ಇನ್ನೊಂದು ಜರ್ಮನ್ ರಾಜ್ಯ ಬಾಡೆನ್ನಿನ ದೊರೆ ಜಾಣ, ಎರಡನ್ನೂ ಬಿಟ್ಟು ‘ಚಕ್ರವರ್ತಿ ವಿಲ್ಹೆಲ್ಮ್’ ಅಂತ ಜೈಕಾರ ಹಾಕಿಬಿಟ್ಟ. ಹಂಗೇ ನೀವೂ ಪಕ್ಕಕ್ಕೆ ಸರಿದು ಹೋಗಿ:

ಕತ್ತರಿಸೆ ಕೆರಳಿತೈ ಪ್ಯಾರಿಸಿನ ಬೀದಿ

‘ತೈ’ ಹೇಗೂ ಗುರು. ‘ಪ್ಯಾ’ ಒತ್ತಾದರೇನು, ಬಿಟ್ಟರೇನು?

ಚುಟುಕು: ಎರಡು ‘ತೈ’ ಆಯ್ತಲ್ಲಕ್ಕ, ಕುಣಿಯಬಹುದು. ಆದರೆ ನಾನು ತಪ್ಪು ಅಂತ ಒಪ್ಪಿ ತಿದ್ದುತ್ತಿಲ್ಲ.

ಮಾತ್ರೆಮಾಮ: ಸಾಲು ಈಗ ಸರಿ.

ಕಂದಪ್ರಿಯ: ಹಾಗಾದರೆ ಇಬ್ಬರೂ ಕೈ ಕುಲುಕಿ.

ಮಾತ್ರೆಮಾಮ: ಅವತ್ತು ವಿಲ್ಹೆಲ್ಮ್ ವೇದಿಕೆ ಇಳಿದು ಬಿಸ್ಮಾರ್ಕನ ಕೈ ಕುಲುಕದೆ ಮುಂದೆ ಹೋದನಂತೆ. ನಾನೂ ಅಷ್ಟೇ.