ಕ್ಲ್ಯಾಟ್ ಲಾಜಿಕಲ್ ರೀಸನಿಂಗ್: ಕೊನೀಗೆ ಎರಡು ಆಪ್ಷನ್ ಉಳೀತಾವು, ಏನ್ ಮಾಡೋದು?

ಹಾವೇರಿ_ಪಿಯು
ನಮಸ್ಕಾರ್ರಿ ಎಲ್ಲಾರಿಗೂ. ಸೆಕೆಂಡ್ ಪಿಯು ಕಾಮರ್ಸ್ ಓದಾಕತ್ತೀನಿ, ಹತ್ತನೇತ್ತ ತನಕ ಕನ್ನಡ ಮೀಡಿಯಂ. ಕ್ಲ್ಯಾಟ್, ಅಂದ್ರ ನ್ಯಾಷನಲ್ ಲಾ ಕಾಲೇಜ್ ಸೇರಾಕ ಇರೋ ಎಂಟ್ರನ್ಸ್ ಎಕ್ಸಾಮ್, ಬರೀಬೇಕಂತ ಮಾಡೀನಿ. ಲೀಗಲ್ ರೀಸನಿಂಗ್ ಹೆಂಗೋ ಆಗ್ತೈತಿ, ಲಾಜಿಕಲ್ ಬಂತಂದ್ರ ಪ್ಯಾಸೇಜ್ ಓದೋದ್ರಾಗ ಟೈಮ್ ಹೋಗ್ತೈತಿ, ಆಮ್ಯಾಲೆ ಎರಡು ಆಪ್ಷನ್ ಹೊಡದ್ ಹಾಕಿದ್ರೂ ಉಳಿದ ಎರಡೂ ಸರಿ ಅನಸ್ತಾವು. ನಮ್ಮಣ್ಣ ಬ್ಯಾಂಕ್ ಎಕ್ಸಾಮಿಗೆ ತಂದಿದ್ದ ರೀಸನಿಂಗ್ ಬುಕ್ ಮನ್ಯಾಗ ಐತಿ, ಬ್ಲಡ್ ರಿಲೇಶನ್, ಸೀಟಿಂಗ್ ಅರೇಂಜ್‌ಮೆಂಟ್ ಎಲ್ಲಾ ಪಟಪಟ ಬರ್ತಾವು, ಮಾಕ್ ಟೆಸ್ಟ್‌ನಾಗ ಮಾತ್ರ ಮಾರ್ಕ್ಸ್ ಏರವಲ್ದು.

ಲಾ_ಸೀನಿಯರ್
ಆ ಬುಕ್ ಸದ್ಯಕ್ಕೆ ಮುಚ್ಚಿಡಪ್ಪ. 2020ರಿಂದ ಪ್ಯಾಟರ್ನೇ ಬೇರೆ, ಸುಮಾರು 450 ಪದದ ಪ್ಯಾಸೇಜ್ ಕೊಟ್ಟು ಅದ್ರ ಮೇಲೇ ಕೇಳ್ತಾರೆ. ಈಗ 120 ನಿಮಿಷಕ್ಕೆ 120 ಪ್ರಶ್ನೆ, ಅದ್ರಲ್ಲಿ ಲಾಜಿಕಲ್ 22ರಿಂದ 26. ಬರೆದವನ ತೀರ್ಮಾನ ಏನು, ಕಾರಣ ಏನು, ಬಾಯಿಬಿಟ್ಟು ಹೇಳದೆ ಏನನ್ನ ನಂಬಿಕೊಂಡಿದಾನೆ, ಏನು ಗೊತ್ತಾದ್ರೆ ವಾದ ಬಿದ್ದೋಗತ್ತೆ, ಹೆಚ್ಚುಕಮ್ಮಿ ಇದೇ ಸುತ್ತ ಸುತ್ತತ್ತೆ.

ಒಂದು ಉದಾಹರಣೆ ಹೇಳ್ತೀನಿ. "ಸರ್ಕಲ್‌ಗೆ ಸಿಗ್ನಲ್ ಹಾಕಿದ ಮೇಲೆ ಆಕ್ಸಿಡೆಂಟ್ ಕಮ್ಮಿ ಆಗಿದೆ, ಅಂದ್ಮೇಲೆ ಸಿಗ್ನಲ್‌ನಿಂದಲೇ ಕಮ್ಮಿ ಆಗಿದ್ದು." ಇಲ್ಲಿ ಅಸಂಪ್ಷನ್ (ಬಾಯಿಬಿಟ್ಟು ಹೇಳದೆ ನಂಬಿಕೊಂಡಿರೋದು) ಯಾವ್ದು ಅಂತ ಕೇಳಿದ್ರೆ ನಿಂಗೆ ಉಳಿಯೋ ಎರಡು ಆಪ್ಷನ್ ಹಿಂಗಿರತ್ತೆ: ಒಂದು, "ಆಕ್ಸಿಡೆಂಟ್ ತಪ್ಪಿಸೋಕೆ ಸಿಗ್ನಲ್ಲೇ ಅತ್ಯುತ್ತಮ ದಾರಿ". ಇನ್ನೊಂದು, "ಅದೇ ಟೈಮಲ್ಲಿ ಆ ಸರ್ಕಲ್‌ಗೆ ಬರೋ ಗಾಡಿ ಬೇರೆ ಕಾರಣಕ್ಕೆ ಕಮ್ಮಿ ಆಗಿಲ್ಲ". ಎರಡನ್ನೂ ಉಲ್ಟಾ ಮಾಡಿ ನೋಡು. ಸಿಗ್ನಲ್ ಅತ್ಯುತ್ತಮ ಅಲ್ಲ, ಹಂಪ್ ಇನ್ನೂ ಒಳ್ಳೇದು ಅಂದ್ರೂ ವಾದಕ್ಕೆ ಏನೂ ಆಗಲ್ಲ. ಆದ್ರೆ ಆಗಲೇ ಬೈಪಾಸ್ ಓಪನ್ ಆಗಿ ಲಾರಿಗಳೆಲ್ಲ ಆ ಕಡೆ ಹೋಗ್ತಿವೆ ಅಂದ್ರೆ? ವಾದ ಅಲ್ಲಾಡಿಹೋಯ್ತು. ಉಲ್ಟಾ ಮಾಡಿದಾಗ ಯಾವ್ದು ವಾದನ ಕೆಡವತ್ತೋ ಅದೇ ಉತ್ತರ. ವೀಕನ್ ಪ್ರಶ್ನೆ, ಅಂದ್ರೆ ವಾದನ ಯಾವ್ದು ದುರ್ಬಲ ಮಾಡತ್ತೆ ಅನ್ನೋದು, ಬಂದ್ರೆ ಆ ಬೈಪಾಸ್ ಸಂಗತಿನೇ ಉತ್ತರ ಆಗಿ ಕೂತಿರತ್ತೆ. "ಎಲ್ಲಾ", "ಯಾವಾಗ್ಲೂ", "ಮಾತ್ರ" ಅನ್ನೋ ಆಪ್ಷನ್ ಕಂಡ್ರೆ ಎರಡು ಸಲ ನೋಡು, ಹಾಗಂತ ಕಣ್ಮುಚ್ಚಿ ಹೊಡೆದು ಹಾಕ್ಬೇಡ, ಪ್ಯಾಸೇಜ್ ಅಷ್ಟೇ ಗಟ್ಟಿಯಾಗಿ ಹೇಳಿದ್ರೆ ಅದೂ ಸರಿ ಇರಬಹುದು.

ಬೆಣ್ಣೆದೋಸೆ_ದಾವಣಗೆರೆ
ಬುಕ್ ಮುಚ್ಚಿಡು ಅನ್ನೋದನ್ನ ನಾನು ಒಪ್ಪಲ್ಲ. ಐಲೆಟ್ (ದೆಹಲಿ ನ್ಯಾಷನಲ್ ಲಾ ಯೂನಿವರ್ಸಿಟಿದು ಬೇರೆ ಎಂಟ್ರನ್ಸ್) ಕೂಡ ಬರೀತೀಯಾ ಅಂದ್ರೆ ಅಲ್ಲಿ 150ರಲ್ಲಿ 70 ಪ್ರಶ್ನೆ ಲಾಜಿಕಲ್ಲೇ, ಸಿಲಾಜಿಸಂ (ಎರಡು ಹೇಳಿಕೆಯಿಂದ ತೀರ್ಮಾನ ತೆಗೆಯೋದು), ಪಜಲ್ ಎಲ್ಲಾ ಬೇಕಾಗತ್ತೆ. ಕ್ಲ್ಯಾಟ್ ಒಂದೇ ಆದ್ರೆ ಸೀನಿಯರ್ ಹೇಳಿದ್ದು ಸರಿ. ಇನ್ನೊಂದು, ಎರಡು ಆಪ್ಷನ್ ಉಳಿದಾಗ ಖಾಲಿ ಬಿಡಬೇಡ. ತಪ್ಪಿಗೆ ಹೋಗೋದು 0.25, ಸರಿಗೆ ಬರೋದು 1. ಅಂಥ ನಾಲ್ಕು ಪ್ರಶ್ನೆ ಸುಮ್ನೆ ತುಂಬಿ ಎರಡು ಸರಿ ಆದ್ರೂ 1.5 ಮಾರ್ಕ್ಸ್ ಲಾಭ.

ಹಾವೇರಿ_ಪಿಯು
ಥ್ಯಾಂಕ್ಸ್ ರೀ ಇಬ್ರಿಗೂ. ಐಲೆಟ್ ಇಲ್ರಿ, ಕ್ಲ್ಯಾಟ್ ಅಷ್ಟ. ನಾನು ಇಂಗ್ಲಿಷ್ ಓದಿ ಮನಸಿನ್ಯಾಗ ಕನ್ನಡ ಮಾಡ್ಕೋತೀನಿ, ಅದಕ್ಕ ತಡ ಆಗ್ತೈತೇನು?

ಲಾ_ಸೀನಿಯರ್
ಪ್ರತಿ ಸಾಲು ಮಾಡ್ಕೊಂಡ್ರೆ ತಡ ಆಗೇ ಆಗತ್ತೆ. ಪ್ಯಾರಾ ಮುಗಿದ ಮೇಲೆ "ಇವನು ಏನ್ ಹೇಳ್ತಿದಾನೆ" ಅಂತ ಒಂದೇ ಸಾಲು ಕನ್ನಡದಲ್ಲಿ ಅಂದ್ಕೋ, ಅದು ತಪ್ಪಲ್ಲ, ನಾನಂತೂ ಹಂಗೇ ಮಾಡ್ತಿದ್ದೆ. ದಿನಾ ಇಂಗ್ಲಿಷ್ ಪೇಪರ್‌ದು ಒಂದು ಎಡಿಟೋರಿಯಲ್ ತಗೊಂಡು ತೀರ್ಮಾನದ ಕೆಳಗೆ ಗೆರೆ ಎಳಿ, ಬಹಳ ಸಲ ಅದು ಕೊನೇಲಿರಲ್ಲ, ಮೊದಲನೇ ಪ್ಯಾರಾದಲ್ಲೇ ಇರತ್ತೆ. ಹಳೇ ಪೇಪರ್ ಕ್ಲ್ಯಾಟ್ ನಡೆಸೋ ಕನ್ಸಾರ್ಷಿಯಂ ವೆಬ್‌ಸೈಟಲ್ಲೇ ಸಿಗತ್ತೆ, ಈ ಸೆಕ್ಷನ್‌ಗೆ 2020ರ ಹಿಂದಿನದು ಬೇಡ. ಮತ್ತೆ ಫಾರ್ಮ್ ತುಂಬೋವಾಗ ಕರ್ನಾಟಕ ಸ್ಟೂಡೆಂಟ್ ಕಾಲಂ ನೋಡ್ಕೋ, ಬೆಂಗಳೂರಿನ ನಾಗರಬಾವಿ ನ್ಯಾಷನಲ್ ಲಾ ಸ್ಕೂಲಲ್ಲಿ 25% ಸೀಟು ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಇದೆ, ಎಷ್ಟೋ ಜನ ಅದನ್ನ ನೋಡೋದೇ ಇಲ್ಲ.