ಅಳತೆಪಟ್ಟಿಗಳ ದಾಖಲೆಯಲ್ಲಿ ‘ವ್ಯಾಲಿಡಿಟಿ’ ಎಂಬ ಕಾಲಂ: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಾಲ್ಕೈದು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು ಎಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಸುಮ್ನೆ ಪದ ಕೇಳಿದರೆ ನಿಘಂಟಿನ ಉತ್ತರ ಬರುತ್ತದೆ. ನಿಘಂಟನ್ನು ನಾನೂ ನೋಡಿದ್ದೇನೆ.

ನಾನು ನರ್ಸಿಂಗ್ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಎಂ.ಎಸ್ಸಿ. ಓದುವ ಮಕ್ಕಳು ಥೀಸಿಸ್‌ಗೆ ವಿಷಯ ಗೊತ್ತಾದ ಮೇಲೆ ಬಂದು ‘ಮೇಡಂ, ಟೂಲ್ ಬೇಕು’ ಎನ್ನುತ್ತಾರೆ. ಖಿನ್ನತೆ, ಆತಂಕ, ನೋವು, ಬದುಕಿನ ಗುಣಮಟ್ಟ ಇಂಥವನ್ನೆಲ್ಲ ಅಳೆಯುವ ಪಟ್ಟಿಗಳಿಗೆ ನಮ್ಮಲ್ಲಿ ಟೂಲ್ ಎಂದೇ ಹೆಸರು. ಇವನ್ನು ಹುಡುಕಲಿಕ್ಕೇ ಒಂದು ಡೇಟಾಬೇಸ್ ಇದೆ. ಹೆಲ್ತ್ ಅಂಡ್ ಸೈಕೋಸೋಷಿಯಲ್ ಇನ್‌ಸ್ಟ್ರುಮೆಂಟ್ಸ್, ಚಿಕ್ಕದಾಗಿ ಹ್ಯಾಪಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ್ದು. ಅದರಲ್ಲಿ ಸಿಗುವುದು ಟೂಲಿನ ಬಗೆಗಿನ ದಾಖಲೆ. ಹೆಸರೇನು, ಮಾಡಿದವರು ಯಾರು, ಯಾವ ಲೇಖನದಲ್ಲಿ ಬಂತು, ಏನನ್ನು ಅಳೆಯುತ್ತದೆ, ಯಾರ ಮೇಲೆ ಬಳಸಿದರು, ರಿಲಯಬಿಲಿಟಿ (ಅಳತೆ ಎಷ್ಟು ಸ್ಥಿರ), ವ್ಯಾಲಿಡಿಟಿ (ಅಳೆಯಬೇಕಾದ್ದನ್ನೇ ಅಳೆಯುತ್ತದೆಯೇ), ಹೀಗೆ ಒಂದೊಂದಕ್ಕೂ ಒಂದೊಂದು ಕಾಲಂ.

ಈ ದಾಖಲೆ ಓದುವುದು ಹೇಗೆ ಎಂದು ಕನ್ನಡದಲ್ಲಿ ಎರಡು ಪುಟ ಬರೆದುಕೊಡೋಣ ಎಂದು ಕೂತೆ. ನಮ್ಮ ಮಕ್ಕಳಲ್ಲಿ ತುಂಬಾ ಜನ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದವರು. ಇಂಗ್ಲಿಷ್ ಓದುತ್ತಾರೆ, ಆದರೆ ಕಾಲಂ ಹೆಸರನ್ನು ಹೆಸರಾಗಿಯೇ ಬಿಟ್ಟು ಮುಂದೆ ಹೋಗುತ್ತಾರೆ.

ಬೇರೆ ಕಾಲಂಗಳು ಹೇಗೋ ಆದವು. ‘ಫೀಲ್ಡ್’ಗೆ ಕ್ಷೇತ್ರ ಎನ್ನುವ ರೂಢಿ ಇದೆ. ಆದರೆ ‘ಈ ಕ್ಷೇತ್ರ ತುಂಬಿ’ ಎಂದು ಅರ್ಜಿ ಕೊಡುವಾಗ ಯಾರೂ ಹೇಳುವುದಿಲ್ಲ, ಕಾಲಂ ಎನ್ನುತ್ತಾರೆ. ಕಾಲಂ ಎಂದೇ ಇಟ್ಟೆ. ‘ಇನ್‌ಸ್ಟ್ರುಮೆಂಟ್’ಗೆ ಉಪಕರಣ ಎಂದರೆ ಆಸ್ಪತ್ರೆಯಲ್ಲಿ ಬಿಪಿ ಮೆಷಿನ್ ನೆನಪಾಗುತ್ತದೆ. ಪ್ರಶ್ನಾವಳಿ ಎನ್ನೋಣವೆಂದರೆ ಎಲ್ಲದರಲ್ಲೂ ಪ್ರಶ್ನೆ ಇರುವುದಿಲ್ಲ. 1953ರ ಆಪ್‌ಗಾರ್ ಸ್ಕೋರನ್ನೇ ನೋಡಿ. ಆಗ ತಾನೇ ಹುಟ್ಟಿದ ಕೂಸಿನ ಬಣ್ಣ, ಎದೆಬಡಿತ, ಉಸಿರು ಹೀಗೆ ಐದು ಲಕ್ಷಣಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಹಾಕುತ್ತಾರೆ. ಕೂಸನ್ನು ಯಾರು ಪ್ರಶ್ನೆ ಕೇಳುತ್ತಾರೆ? ಹಾಗಾಗಿ ‘ಅಳತೆಪಟ್ಟಿ’ ಎಂದೆ. ‘ಸ್ಕೇಲ್’ಗೆ ಮಾಪಕ ಇದ್ದೇ ಇದೆ, ಭೂಕಂಪದ ಸುದ್ದಿಯಿಂದ ಎಲ್ಲರಿಗೂ ಗೊತ್ತು.

ಪ್ರೈಮರಿ ಸೋರ್ಸ್, ಸೆಕೆಂಡರಿ ಸೋರ್ಸ್ ಎಂಬುದನ್ನು ‘ಮೊದಲು ಬಂದ ಲೇಖನ’, ‘ಆಮೇಲೆ ಬಳಸಿದ ಲೇಖನ’ ಎಂದು ಬಿಡಿಸಿ ಬರೆದೆ. ಪ್ರಾಥಮಿಕ, ದ್ವಿತೀಯಕ ಎಂದರೆ ಎರಡನೆಯದು ಕೀಳು ದರ್ಜೆಯದು ಎಂದುಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಎಷ್ಟೋ ಸಲ ಬೇಕಾಗಿರುವುದು ಆ ಎರಡನೆಯದೇ. ಯಾಕೆಂದರೆ ಭಾರತದ ರೋಗಿಗಳ ಮೇಲೆ ಬಳಸಿದ ವಿವರ ಅಲ್ಲೇ ಇರುತ್ತದೆ. ‘ಸ್ಯಾಂಪಲ್’ ಕಾಲಂಗೂ ಮಾದರಿ ಎನ್ನಲು ಮನಸ್ಸಾಗಲಿಲ್ಲ. ಮಾದರಿ ಎಂದರೆ ನಮೂನೆಯೂ ಹೌದು, ‘ಮಾದರಿ ಶಾಲೆ’ಯ ಮಾದರಿಯೂ ಹೌದು. ‘ಯಾರ ಮೇಲೆ ಬಳಸಿದ್ದು’ ಎಂದು ನೇರವಾಗಿಯೇ ಬರೆದೆ.

ಸಿಕ್ಕಿಹಾಕಿಕೊಂಡದ್ದು ವ್ಯಾಲಿಡಿಟಿಯಲ್ಲಿ.

ಬಳಕೆಯಲ್ಲಿ ಎರಡು ಪದಗಳಿವೆ. ಒಂದು, ಬಿ.ಎಡ್. ಪುಸ್ತಕಗಳ ‘ಸಪ್ರಮಾಣತೆ’. ಇದರಲ್ಲಿ ಪ್ರಮಾಣ ಎಂದರೆ ಏನು? ಎಷ್ಟು ಎಂಬ ಲೆಕ್ಕವೇ, ಪ್ರಮಾಣವಚನದ ಪ್ರಮಾಣವೇ, ಪುರಾವೆಯೇ? ಪರೀಕ್ಷೆಗೆ ಬಾಯಿಪಾಠ ಮಾಡಿದವರಿಗೆ ಗೊತ್ತು, ಹೊಸಬರಿಗೆ ಪದವೇ ಏನನ್ನೂ ಹೇಳುವುದಿಲ್ಲ. ಇನ್ನೊಂದು ‘ಸಿಂಧುತ್ವ’. ಇದು ಎಲ್ಲರಿಗೂ ಗೊತ್ತು, ನನಗೆ ತೊಂದರೆ ಕೊಡುತ್ತಿರುವುದೂ ಅದೇ. ಜಾತಿ ಸಿಂಧುತ್ವ ಪ್ರಮಾಣಪತ್ರ, ಅಸಿಂಧು ಮತ. ಮತ ಒಂದೋ ಸಿಂಧು, ಇಲ್ಲವೋ ಅಸಿಂಧು. ಕಚೇರಿಯವರು ಸೀಲ್ ಒತ್ತಿದರೆ ಮುಗಿಯಿತು. ಸಿಂಧು ಎಂಬ ಪದದಲ್ಲಿ ಆ ಸೀಲಿನ ಸದ್ದು ಇದೆ.

ವ್ಯಾಲಿಡಿಟಿ ಹಾಗಲ್ಲ. ಈ ಪಟ್ಟಿ ತಾನು ಅಳೆಯುತ್ತೇನೆ ಎಂದದ್ದನ್ನೇ ಅಳೆಯುತ್ತಿದೆಯೇ ಎಂಬುದು ಅಲ್ಲಿನ ಪ್ರಶ್ನೆ. ಅದಕ್ಕೆ ‘ಹೌದು’ ಎಂದು ಒಂದೇ ಮಾತಿನ ಉತ್ತರ ಇಲ್ಲ. ಇಂಥವರಲ್ಲಿ, ಇಂಥ ಭಾಷೆಯಲ್ಲಿ, ಇಂಥ ಕೆಲಸಕ್ಕೆ, ಇಷ್ಟರ ಮಟ್ಟಿಗೆ ಎಂದೇ ಹೇಳಬೇಕು.

ಪಿಎಚ್‌ಕ್ಯು-9 ಎಂಬ ಖಿನ್ನತೆಯ ಪಟ್ಟಿಯನ್ನು ತೆಗೆದುಕೊಳ್ಳೋಣ. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3, ಒಟ್ಟು 27. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. 2001ರ ಲೇಖನದಲ್ಲಿ ಅಮೆರಿಕದ ಕ್ಲಿನಿಕ್‌ಗಳ 6000 ರೋಗಿಗಳ ವಿವರ ಇದೆ. ಅವರಲ್ಲಿ 580 ಜನರನ್ನು ಮಾನಸಿಕ ಆರೋಗ್ಯ ತಜ್ಞರು ಬೇರೆಯಾಗಿ ಮಾತಾಡಿಸಿ, ಆ ತೀರ್ಮಾನವನ್ನು ಪಟ್ಟಿಯ ಅಂಕದ ಪಕ್ಕ ಇಟ್ಟು ನೋಡಿದರು. 10 ಅಥವಾ ಅದಕ್ಕಿಂತ ಜಾಸ್ತಿ ಅಂಕ ಎಂದು ಗೆರೆ ಎಳೆದರೆ, ತಜ್ಞರು ‘ಮೇಜರ್ ಡಿಪ್ರೆಶನ್’ (ಕಾಯಿಲೆ ಎನ್ನುವ ಮಟ್ಟದ ಖಿನ್ನತೆ) ಇದೆ ಎಂದವರಲ್ಲಿ 88% ಜನರನ್ನು ಪಟ್ಟಿ ಹಿಡಿಯಿತು. ಇಲ್ಲದವರಲ್ಲಿ 88% ಜನರನ್ನು ಇಲ್ಲ ಎಂದಿತು. ವ್ಯಾಲಿಡಿಟಿ ಕಾಲಂ ಎಂದರೆ ಇಂಥ ಕೆಲಸದ ಗುರುತು. ಅದೇ ಪಟ್ಟಿಯನ್ನು ಕನ್ನಡಕ್ಕೆ ತಂದು ಹಳ್ಳಿಯ ಅಜ್ಜಿಯ ಮುಂದಿಟ್ಟಾಗ 10ರ ಗೆರೆ ಹಾಗೇ ನಿಲ್ಲುತ್ತದೆ ಎಂದು ಈ ಅಂಕಿಗಳು ಹೇಳುವುದಿಲ್ಲ.

ಯಾಕೆ ನಿಲ್ಲದೇ ಇರಬಹುದು ಎಂಬುದು ನಮ್ಮ ಭಾಷೆಯಲ್ಲೇ ಕಾಣುತ್ತದೆ. ‘ಬೇಜಾರು’ ಪದ ನೋಡಿ. ದುಃಖಕ್ಕೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಸೊಸೆ ಫೋನ್ ಮಾಡಲಿಲ್ಲ ಎಂಬ ಮುನಿಸಿಗೂ ಬೇಜಾರು. ‘ಎರಡು ವಾರದಿಂದ ಬೇಜಾರಾಗ್ತಾ ಇದೆಯಾ ಅಜ್ಜಿ?’ ಎಂದರೆ ಯಾವ ಬೇಜಾರಿಗೆ ಹೌದು ಅಂದರು ಎಂದು ಅಂಕ ನೋಡಿ ತಿಳಿಯದು. 1987ರಲ್ಲಿ ಬಂದ ಎಡಿನ್‌ಬರೋದ ಬಾಣಂತಿಯರ ಖಿನ್ನತೆಯ ಪಟ್ಟಿಯಲ್ಲಿ ಆರನೇ ವಾಕ್ಯವೂ ಹೀಗೇ. ಅದು ಪೂರಾ ಇಂಗ್ಲಿಷ್ ನುಡಿಗಟ್ಟು. ಪದಕ್ಕೆ ಪದ ಇಟ್ಟರೆ ‘ಸಂಗತಿಗಳು ನನ್ನ ಮೇಲೆ ಹತ್ತುತ್ತಿವೆ’ ಎಂದಾಗುತ್ತದೆ. ಬಾಣಂತಿಗೆ ಏನು ಅರ್ಥವಾಗಬೇಕು? ‘ಯಾವುದನ್ನೂ ನಿಭಾಯಿಸೋಕೆ ಆಗ್ತಿಲ್ಲ’ ಎಂದು ತಿರುಗಿಸಿ ಬರೆಯಬಹುದು. ಹಾಗೆ ತಿರುಗಿಸಿದ ಮೇಲೆ ಅದು ಇನ್ನೊಂದು ವಾಕ್ಯ, ಮತ್ತೆ ಪರೀಕ್ಷೆ ಮಾಡಬೇಕು.

ನಮ್ಮ ಕಾಲೇಜುಗಳ ಪದ್ಧತಿಯಿಂದ ಇನ್ನೊಂದು ತೊಡಕಿದೆ. ಥೀಸಿಸ್‌ನ ಟೂಲನ್ನು ಕೆಲವು ತಜ್ಞರಿಗೆ ಕಳಿಸುತ್ತಾರೆ. ಅವರು ನೋಡಿ, ತಿದ್ದಿ, ಸಹಿ ಹಾಕಿದ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಥೀಸಿಸ್‌ನ ಕೊನೆಯಲ್ಲಿ ಅನುಬಂಧವಾಗಿ ಸೇರುತ್ತದೆ. ಬೇಕಾದ ಕೆಲಸವೇ, ತಪ್ಪಿಲ್ಲ. ಆದರೆ ಅದು ಪಟ್ಟಿಯಲ್ಲಿ ಇರಬೇಕಾದ ವಿಷಯ ಇದೆಯೇ ಎಂದು ನೋಡುವುದು ಮಾತ್ರ, ವ್ಯಾಲಿಡಿಟಿಯ ಒಂದು ಪಾಲು. ಮಕ್ಕಳ ಮನಸ್ಸಿನಲ್ಲಿ ಮಾತ್ರ ವ್ಯಾಲಿಡಿಟಿ ಎಂದರೆ ಆ ಸಹಿ. ಅದರ ಮೇಲೆ ನಾನೂ ಸಿಂಧುತ್ವ ಎಂದು ಬರೆದರೆ, ಸರ್ಟಿಫಿಕೇಟಿಗೆ ಕನ್ನಡದ ಸೀಲನ್ನೂ ಒತ್ತಿದ ಹಾಗೆ ಅಲ್ವಾ?

ಹಾಗಾಗಿ ಬೇರೆ ಪದ ಹುಡುಕುತ್ತಾ ಹೋದೆ. ಮೊದಲು ಹೊಳೆದದ್ದು ‘ಒರೆ’. ಚಿನ್ನವನ್ನು ಒರೆಗಲ್ಲಿಗೆ ಹಚ್ಚುತ್ತಾರಲ್ಲ, ಪಟ್ಟಿಯ ಅಂಕವನ್ನು ತಜ್ಞರ ತೀರ್ಮಾನದ ಪಕ್ಕ ಇಡುವುದು ಅದೇ ಕೆಲಸ. ಪಿಎಚ್‌ಕ್ಯು-9ಕ್ಕೆ ಪದ ಚೆನ್ನಾಗಿ ಕೂರುತ್ತದೆ. ಆದರೆ ಒರೆಗಲ್ಲೇ ಇಲ್ಲದ ಕಡೆ? ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಬದುಕಿನ ಗುಣಮಟ್ಟವನ್ನು ಅಳೆಯುತ್ತದೆ. ಬದುಕಿನ ಗುಣಮಟ್ಟ ಇಷ್ಟೇ ಎಂದು ಖಚಿತವಾಗಿ ಹೇಳುವ ಕಲ್ಲು ಎಲ್ಲಿದೆ? ಅಲ್ಲಿ ಬೇರೆ ಬೇರೆ ಸುಳಿವು ಕೂಡಿಸಿ ನೋಡಬೇಕು.

ಆಮೇಲೆ ಹೊಳೆದದ್ದು ‘ತಾಳೆ’. ಲೆಕ್ಕ ತಾಳೆಯಾಗುತ್ತದೆ, ಸಹಿ ತಾಳೆ ನೋಡುತ್ತಾರೆ. ಈ ಪದದ ವ್ಯಾಕರಣವೇ ನನಗೆ ಇಷ್ಟವಾಯಿತು. ‘ಇದು ಸಿಂಧು’ ಎಂದರೆ ವಾಕ್ಯ ಮುಗಿಯುತ್ತದೆ. ‘ಇದು ತಾಳೆಯಾಗುತ್ತದೆ’ ಎಂದರೆ ಕೇಳುವವರು ಸುಮ್ಮನಿರುವುದಿಲ್ಲ, ‘ಯಾವುದಕ್ಕೆ?’ ಎನ್ನುತ್ತಾರೆ. ವ್ಯಾಲಿಡಿಟಿ ಕಾಲಂ ನೋಡಿದಾಗ ಒಬ್ಬ ವಿದ್ಯಾರ್ಥಿನಿ ಕೇಳಬೇಕಾದ ಪ್ರಶ್ನೆ ಅದೇ. ಯಾವುದಕ್ಕೆ ತಾಳೆ, ಯಾರಲ್ಲಿ ತಾಳೆ.

ಆದರೆ ಒಂದು ತೊಡಕು ಉಳಿಯಿತು. ತಾಳೆ ರಿಲಯಬಿಲಿಟಿಗೂ ಒಪ್ಪಿಬಿಡುತ್ತದೆ. ಅದೇ ಮನುಷ್ಯನನ್ನು ಎರಡು ಸಲ ಅಳೆದರೆ ಎರಡೂ ಅಂಕ ತಾಳೆಯಾಗಬೇಕು, ಇಬ್ಬರು ನರ್ಸ್‌ಗಳು ಅಳೆದರೂ ತಾಳೆಯಾಗಬೇಕು. ರಿಲಯಬಿಲಿಟಿಗೆ ಈಗಿರುವ ವಿಶ್ವಾಸಾರ್ಹತೆ ಎಂಬ ಪದವೂ ಸರಿಯಿಲ್ಲ. ಪ್ರತಿ ಸಲವೂ ಸರಿಯಾಗಿ ಎರಡು ಕೆ.ಜಿ. ಜಾಸ್ತಿ ತೋರಿಸುವ ತಕ್ಕಡಿಗೆ ರಿಲಯಬಿಲಿಟಿ ಇದೆ. ಅದಕ್ಕೆ ವಿಶ್ವಾಸಾರ್ಹ ಎನ್ನಲು ನಾಲಿಗೆ ಬರುವುದಿಲ್ಲ. ಆ ಕಾಲಂಗೆ ಸದ್ಯ ‘ಮತ್ತೆ ಅಳೆದರೂ ಅದೇ ಬರುತ್ತದೆಯೇ’ ಎಂದು ಬರೆದಿದ್ದೇನೆ. ಅದೂ ಪೂರ್ತಿ ಸರಿಯಲ್ಲ. ಪಟ್ಟಿಯ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬಾಕ್ ಆಲ್ಫಾ ಕೂಡ ಅದೇ ಕಾಲಂನಲ್ಲಿ ಬರುತ್ತದೆ, ಅದಕ್ಕೆ ಎರಡನೇ ಸಲ ಅಳೆಯುವ ಮಾತೇ ಇಲ್ಲ.

ಈಗ ನನ್ನ ಪ್ರಶ್ನೆಗಳು. ತನ್ನೊಳಗೇ ತಾಳೆಯಾಗುವುದಕ್ಕೂ ಹೊರಗಿನ ನಿಜಕ್ಕೆ ತಾಳೆಯಾಗುವುದಕ್ಕೂ ಬೇರೆ ಬೇರೆ ಪದ ನಿಮ್ಮ ಕಡೆ ಉಂಟೇ? ಅಳತೆ, ತೂಕ, ಲೆಕ್ಕದ ಕೆಲಸ ಮಾಡುವವರು, ಅಕ್ಕಸಾಲಿಗರು, ಮಂಡಿ ವ್ಯಾಪಾರದವರು, ನೇಯ್ಗೆಯವರು ಏನನ್ನುತ್ತಾರೆ? ಧಾರವಾಡ, ಕಲಬುರಗಿ, ಕರಾವಳಿ ಕಡೆಯ ಮಾತು ನನಗೆ ಅಷ್ಟು ಗೊತ್ತಿಲ್ಲ, ಅಲ್ಲಿಯವರು ದಯವಿಟ್ಟು ಹೇಳಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೇಳಿ ನೋಡಿ. ‘ಸಿಂಧುತ್ವವೇ ಇರಲಿ, ಬಳಸುತ್ತಾ ಅರ್ಥ ಬದಲಾಗುತ್ತದೆ’ ಎನ್ನುವವರ ವಾದವನ್ನೂ ಕೇಳಲು ಸಿದ್ಧಳಿದ್ದೇನೆ, ಆದರೆ ಒಂದು ಉದಾಹರಣೆ ಜೊತೆಗಿರಲಿ. ಆ ಎರಡು ಪುಟವನ್ನು ಮುಂದಿನ ಬ್ಯಾಚ್ ಬರುವ ಮೊದಲು ಅಚ್ಚು ಹಾಕಿಸಬೇಕು.