‘ಆಸಿಡಿಟಿ’, ‘ಸುಣ್ಣ’, ‘ಸಿಗ್ನಲ್’: ಮೇದೋಜೀರಕದ ಪಾಠಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನರ್ಸಿಂಗ್ ಓದುವ ಮಕ್ಕಳಿಗಾಗಿ ಮೇದೋಜೀರಕ ಗ್ರಂಥಿಯ ಉರಿಯೂತದ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲು ‘ಆಸಿಡಿಟಿ’. ನಮ್ಮ ಕಡೆ ಆಸಿಡಿಟಿ ಅಂದರೆ ಎದೆಯುರಿ, ಹುಳಿತೇಗು, ಮೆಡಿಕಲ್ ಅಂಗಡಿಯಿಂದ ತಂದು ಚೀಪುವ ಗುಳಿಗೆ. ನಾನು ಹೇಳಬೇಕಾದದ್ದು ಅದಲ್ಲ. ಮೇದೋಜೀರಕದ ಜೀವಕೋಶದಲ್ಲಿ ಕಿಣ್ವ ತುಂಬಿದ ಪುಟ್ಟ ಚೀಲಗಳಿರುತ್ತವಲ್ಲ, ಅವುಗಳ ಒಳಗಿನ ಆಮ್ಲತೆ. ತಮಾಷೆ ಏನೆಂದರೆ ಗ್ರಂಥಿ ಹೊರಗೆ ಸುರಿಸುವ ರಸ ಕ್ಷಾರದ್ದು, ಜಠರದಿಂದ ಬಂದ ಆಮ್ಲವನ್ನು ತಣಿಸುವುದೇ ಅದರ ಕೆಲಸ. ಒಳಗಿನ ಕಥೆ ಬೇರೆ. ಟ್ರಿಪ್ಸಿನೋಜೆನ್ ಎಂಬ ಮಲಗಿದ ಕಿಣ್ವ ಕರುಳಿಗೆ ಹೋಗಿ ಏಳಬೇಕು. ಅದು ಕೋಶದಲ್ಲೇ ಎದ್ದು ಟ್ರಿಪ್ಸಿನ್ ಆಗಿಬಿಟ್ಟರೆ ಕೋಶವನ್ನೇ ಅರಗಿಸಲು ಹೊರಡುತ್ತದೆ. ಅದನ್ನು ಹಾಗೆ ಅಕಾಲದಲ್ಲಿ ಎಬ್ಬಿಸುವ ಕೆಥೆಪ್ಸಿನ್ ಬಿ ಎಂಬ ಇನ್ನೊಂದು ಕಿಣ್ವ ಆಮ್ಲದಲ್ಲೇ ಚುರುಕು. ಇದನ್ನು ‘ಆಸಿಡಿಟಿಯಿಂದ ಮೇದೋಜೀರಕಕ್ಕೆ ಹಾನಿ’ ಅಂತ ಬರೆದರೆ ಓದಿದವರು ಗುಳಿಗೆ ನುಂಗಿ ಮನೆಯಲ್ಲೇ ಮಲಗುತ್ತಾರೆ. ಬೆನ್ನಿಗೆ ಹಾಯುವ ಮೇಲ್ಹೊಟ್ಟೆ ನೋವನ್ನು ಸುಮ್ನೆ ಗ್ಯಾಸ್ ಅಂದುಕೊಂಡು ಕೂರುವವರು ಈಗಲೇ ಕಡಿಮೆ ಇಲ್ಲ. ಹಾಗಾಗಿ ‘ಆಮ್ಲತೆ’ ಅಂತಲೇ ಇಟ್ಟಿದ್ದೇನೆ. ‘ಹುಳಿತನ’ ಅನ್ನೋಣ ಅಂದರೆ ಪುಂಡಿಪಲ್ಯ ನೆನಪಾಗುತ್ತದೆ.

ಕ್ಯಾಲ್ಸಿಯಂಗೆ ‘ಸುಣ್ಣದಂಶ’ ಅಂತ ಬರೆಯುವವರಿದ್ದಾರೆ. ಶಹಾಬಾದ್ ಕಲ್ಲಿನ ಸೀಮೆಯವರಿಗೆ ಸುಣ್ಣವೆಂದರೆ ಗೋಡೆ, ಎಲೆ ಅಡಿಕೆ, ಹೆಚ್ಚೆಂದರೆ ಮೂಳೆ. ಕ್ಯಾಲ್ಸಿಯಂ ಅಂತಲೇ ಬಿಡುವುದು ಒಳ್ಳೆಯದು.

ನಿಜವಾದ ತೊಡಕು ‘ಸಿಗ್ನಲ್’, ಅಂದರೆ ಕ್ಯಾಲ್ಸಿಯಂ ಏರಿಳಿದು ಕೋಶಕ್ಕೆ ಕೆಲಸ ಹೇಳುವ ಬಗೆ. ಊಟವಾದಾಗ ಕೋಶದ ಒಂದು ತುದಿಯಲ್ಲಿ ಕ್ಯಾಲ್ಸಿಯಂ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಪಾಳಿ ಬದಲಾಗುವಾಗ ಕೂಗಿ ಸುಮ್ಮನಾಗುವ ಮಿಲ್ಲಿನ ಭೋಂಗಾ ಇದ್ದ ಹಾಗೆ. ಕಿಣ್ವ ಹೊರಬೀಳಲು ಅಷ್ಟು ಸಾಕು. ಪಿತ್ತದ ಆಮ್ಲಗಳು ತಾಗಿದಾಗ, ಇಲ್ಲವೇ ಆಲ್ಕೊಹಾಲ್ ಕೊಬ್ಬಿನಾಮ್ಲದ ಜೊತೆ ಸೇರಿ ಆದ ಎಸ್ಟರ್‌ಗಳು ಕಾಡಿದಾಗ ಭೋಂಗಾ ನಿಲ್ಲುವುದೇ ಇಲ್ಲ: ಕ್ಯಾಲ್ಸಿಯಂ ಇಡೀ ಕೋಶ ತುಂಬಿ ಇಳಿಯದೆ ಕೂರುತ್ತದೆ, ಮೇಲೆ ಹೇಳಿದ ಟ್ರಿಪ್ಸಿನ್ ಏಳುವುದೂ ಆಗಲೇ, ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಕೈಚೆಲ್ಲುತ್ತವೆ, ಆ ಶಕ್ತಿಯ ಸರಕಾದ ಎಟಿಪಿ ಬರಿದಾಗುತ್ತದೆ, ಕ್ಯಾಲ್ಸಿಯಂ ಹೊರದಬ್ಬುವ ಪಂಪಿಗೂ ಎಟಿಪಿಯೇ ಬೇಕಲ್ವಾ, ಅದೂ ಸೋಲುತ್ತದೆ. ಕೋಶ ಸಾಯುತ್ತದೆ. ಇಷ್ಟೆಲ್ಲಕ್ಕೂ ‘ಸಂಕೇತ’ ಅಂದರೆ ಸಪ್ಪೆ. ಬಾವುಟ, ಚಿಹ್ನೆ ಕಣ್ಣಿಗೆ ಬರುತ್ತವೆ, ಏರಿಳಿತ ಬರುವುದಿಲ್ಲ. ‘ಕ್ಯಾಲ್ಸಿಯಂ ಸನ್ನೆ’ ನನಗೆ ಹಿಡಿಸಿದೆ. ಆದರೆ ‘ಸಿಗ್ನಲಿಂಗ್’ ಅನ್ನುವ ಇಡೀ ವ್ಯವಹಾರಕ್ಕೆ? ‘ಸನ್ನೆಗಾರಿಕೆ’ ಅಂದರೆ ನಗು ಬರುತ್ತದಾ?

‘ಇಂಜುರಿ’ಗೆ ‘ಗಾಯ’ ಬಿಟ್ಟು ‘ಹಾನಿ’ ಹಾಕಿದ್ದೇನೆ, ಅದರಲ್ಲಿ ತಕರಾರಿಲ್ಲ. ಬೀದರ್, ಯಾದಗಿರಿ ಕಡೆ ಜೀವಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುವವರು ಇಲ್ಲಿದ್ದರೆ, ತರಗತಿಯಲ್ಲಿ ನಿಮ್ಮ ಬಾಯಿಗೆ ಬರುವ ಪದ ಯಾವುದು ಅಂತ ತಿಳಿಸಿ. ನಿಘಂಟಿನದು ಬೇಡ, ನಿಘಂಟು ನನ್ನ ಹತ್ತಿರವೂ ಇದೆ.